ಸಿಲಿಂಡರ್ ನಂಬರ್ ಇದ್ದವರು ಲೆನ್ಸ್ ಕೊಳ್ಳುವಾಗ: ಬಿಲ್ಲಿನಲ್ಲಿ ನಂಬರ್ ಬರೆಸಿಕೊಳ್ಳಿ

ಕಾಂಟ್ಯಾಕ್ಟ್ ಲೆನ್ಸ್ ವಿಚಾರವಾಗಿ ದೂರು ಹಿಡಿದು ಬರುವ ಕಕ್ಷಿದಾರರು ಹೆಚ್ಚಾಗಿ ಒಂದೇ ತರಹದ ಬಿಲ್ ತರುತ್ತಾರೆ. ‘ಕಾಂಟ್ಯಾಕ್ಟ್ ಲೆನ್ಸ್, 1 ಜೊತೆ’ ಎಂಬ ಒಂದು ಸಾಲು, ಪಕ್ಕದಲ್ಲಿ ಮೊತ್ತ, ಕೆಳಗೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ರಬ್ಬರ್ ಸ್ಟ್ಯಾಂಪ್. ಯಾವ ಕಂಪನಿ, ಯಾವ ಪವರ್, ಯಾವ ಕಣ್ಣಿಗೆ ಯಾವುದು ಎಂಬ ಸುಳಿವೇ ಇಲ್ಲ. ಡಬ್ಬಿಯನ್ನು ಅಂದೇ ಕಸಕ್ಕೆ ಹಾಕಿರುತ್ತಾರೆ. ಅವರ ದೂರು ನಿಜವಾದದ್ದೇ, ಆದರೆ ಅಂಗಡಿಯವರು ಕೊಟ್ಟದ್ದು ತಪ್ಪು ಲೆನ್ಸ್ ಎಂದು ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಈ ಪೆಟ್ಟು ಹೆಚ್ಚು. ಅವರ ಚೀಟಿಯಲ್ಲಿ ಒಂದು ಪವರ್ ಮಾತ್ರ ಇರುವುದಿಲ್ಲ. ಸಿಲಿಂಡರ್ ಮತ್ತು ಆಕ್ಸಿಸ್ ಕೂಡ ಇರುತ್ತವೆ. ಇದಕ್ಕೆಂದೇ ಇರುವುದು ಟೋರಿಕ್ ಲೆನ್ಸ್. ಅದು ಕಣ್ಣಿನ ಮೇಲೆ ತಿರುಗದೆ ನಿಲ್ಲಬೇಕು. 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಸುಮಾರು ಮೂರನೇ ಒಂದು ಪಾಲು ಪ್ರಯೋಜನ ಹೋಗುತ್ತದೆ. 30 ಡಿಗ್ರಿ ತಿರುಗಿದರೆ ಪೂರ್ತಿಯೇ ಹೋಗುತ್ತದೆ.

ಕೆಲವು ಅಂಗಡಿಗಳಲ್ಲಿ ಟೋರಿಕ್ ಸ್ಟಾಕ್ ಇರುವುದಿಲ್ಲ. ಆಗ ಸಿಲಿಂಡರಿನ ಅರ್ಧವನ್ನು ಮೂಲ ಪವರ್‌ಗೆ ಸೇರಿಸಿ ಸಾದಾ ಲೆನ್ಸ್ ಕೊಟ್ಟುಬಿಡುತ್ತಾರೆ. ನಿಮ್ಮ ನಂಬರ್ ಮೈನಸ್ 2, ಸಿಲಿಂಡರ್ ಮೈನಸ್ 1.50 ಇದ್ದರೆ ಕೈಗೆ ಬರುವುದು ಮೈನಸ್ 2.75ರ ಸಾದಾ ಲೆನ್ಸ್. ಸಿಲಿಂಡರ್ ಅರ್ಧ ನಂಬರಿನಷ್ಟಿದ್ದರೆ ವೈದ್ಯರೇ ಹೀಗೆ ಮಾಡುವುದುಂಟು, ಅದು ತಪ್ಪಲ್ಲ. ಆದರೆ ದೊಡ್ಡ ಸಿಲಿಂಡರ್ ಇದ್ದವರಿಗೆ ಹೇಳದೆ ಕೇಳದೆ ಸಾದಾ ಲೆನ್ಸ್ ದಾಟಿಸಿ, ‘ಒಂದು ವಾರ ಹಾಕಿ, ರೂಢಿಯಾಗುತ್ತದೆ’ ಎನ್ನುವುದು ಮೋಸ. ತಲೆನೋವು ಸಹಿಸಿಕೊಂಡು ರೂಢಿ ಮಾಡಿಕೊಳ್ಳಬೇಕಾದ ವಿಷಯ ಇದಲ್ಲ.

ಮೊದಲು ಚೀಟಿ

ಕನ್ನಡಕದ ಚೀಟಿ ಲೆನ್ಸ್‌ಗೆ ಸಾಲದು. ಲೆನ್ಸ್‌ಗೆ ಬೇಸ್ ಕರ್ವ್, ಡಯಾಮೀಟರ್, ಬ್ರ್ಯಾಂಡ್ ಬೇಕು. ಪವರ್ 4 ದಾಟಿದರೆ ಕನ್ನಡಕದ ನಂಬರೂ ಲೆನ್ಸಿನ ನಂಬರೂ ಬೇರೆಯಾಗುತ್ತವೆ. ಟ್ರಯಲ್ ಲೆನ್ಸ್ ಹಾಕಿಸಿ, ಅದು ಕೂರುವ ತನಕ ಕಾಯಿಸಿ, ಸ್ಲಿಟ್ ಲ್ಯಾಂಪ್‌ನಲ್ಲಿ ಅದರ ಗುರುತು ಎಲ್ಲಿ ನಿಂತಿದೆ ಎಂದು ನೋಡಿದ ಮೇಲೆಯೇ ಕೊನೆಯ ನಂಬರ್ ಬರೆಯಬೇಕು. ಆ ಚೀಟಿಯನ್ನು ಕೇಳಿ ಪಡೆಯಿರಿ.

‘ಅದು ನಮ್ಮ ಕಂಪ್ಯೂಟರ್‌ನಲ್ಲಿದೆ, ಕೊಡೋಕೆ ಬರಲ್ಲ’ ಎಂಬ ಮಾತಿಗೆ ಸುಮ್ಮನಾಗಬೇಡಿ. ನಿಮ್ಮನ್ನು ಅದೇ ಅಂಗಡಿಗೆ ಕಟ್ಟಿಹಾಕುವ ಉಪಾಯ ಅದು. ನೋಂದಾಯಿತ ವೈದ್ಯರು ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳುತ್ತವೆ. ಆದರೆ ಈ ನಿಯಮ ವೈದ್ಯರಿಗೆ ಮಾತ್ರ ಅನ್ವಯ. ವೈದ್ಯರಿಲ್ಲದ ಕನ್ನಡಕದಂಗಡಿಯಲ್ಲಿ ಪರೀಕ್ಷೆಗೆ ಕೂರುವ ಮೊದಲೇ ‘ಲೆನ್ಸ್ ಚೀಟಿ ಕೈಗೆ ಕೊಡುತ್ತೀರಾ?’ ಎಂದು ಕೇಳಿ. ಇಲ್ಲ ಎಂದರೆ ಎದ್ದು ಬನ್ನಿ.

ನಂತರ ಬಿಲ್, ಇದೇ ಮುಖ್ಯ

ಬಿಲ್ ಕೊಡದಿರುವುದೇ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಬಿಲ್ ಇದ್ದೂ ಅದರಲ್ಲಿ ವಿವರ ಇಲ್ಲದಿದ್ದರೆ ನೀವು ಅರ್ಧ ಸೋತಂತೆ. ಹಣ ಕೊಡುವ ಮೊದಲೇ ‘ಟೋರಿಕ್’ ಎಂಬ ಪದ, ಎರಡೂ ಕಣ್ಣಿನ ಪವರ್, ಸಿಲಿಂಡರ್, ಆಕ್ಸಿಸ್, ಬ್ಯಾಚ್ ನಂಬರ್ ಬರೆಸಿ. ಕಂಪ್ಯೂಟರ್ ಬಿಲ್ಲಿನಲ್ಲಿ ಜಾಗ ಇಲ್ಲ ಎಂದರೆ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ಸೀಲು ಹಾಕಿಕೊಡಲಿ. ಅಲ್ಲೇ ನಿಂತು ಡಬ್ಬಿಯ ಮೇಲಿನ ಅಂಕಿಗಳನ್ನು ಚೀಟಿಗೆ ತಾಳೆ ನೋಡಿ, ಫೋಟೊ ತೆಗೆಯಿರಿ. ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಲೆನ್ಸ್ ಮುಗಿಯುವ ತನಕ ಡಬ್ಬಿ ಎಸೆಯಬೇಡಿ.

ವಾಪಸ್ ಇಲ್ಲ ಎಂದರೆ

ಆ ರಬ್ಬರ್ ಸ್ಟ್ಯಾಂಪ್‌ಗೆ ಹೆದರಬೇಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಕಾಯ್ದೆಯಡಿ ಅನುಚಿತ ಪದ್ಧತಿ. ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ನಿಮ್ಮ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಇಲ್ಲೊಂದು ಎಚ್ಚರಿಕೆ. ಚೀಟಿಯಂತೆಯೇ ಲೆನ್ಸ್ ಕೊಟ್ಟಿದ್ದು, ಅದು ನಿಮಗೆ ಹಿತವಾಗಲಿಲ್ಲ ಎಂದಷ್ಟೇ ಆದರೆ ದೋಷ ಎನ್ನಲಾಗದು. ಆರ್ಡರ್ ಮೇಲೆ ತರಿಸುವ ಹೆಚ್ಚಿನ ಸಿಲಿಂಡರಿನ ಲೆನ್ಸ್‌ಗಂತೂ ಬದಲಾವಣೆಯ ಷರತ್ತನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಕೆರಾಟೋಕೋನಸ್ ಇದ್ದವರಿಗೆ ಸಾಮಾನ್ಯ ಟೋರಿಕ್ ಬಹಳ ಸಲ ಸಾಲದು; ಅವರು ನೇತ್ರತಜ್ಞರನ್ನು ಕಾಣದೆ ಹಣ ಸುರಿಯಬಾರದು. ಕಣ್ಣು ಕೆಂಪಾಗಿ ನೋವು ಬಂದರೆ ಕಾನೂನು ಆಮೇಲೆ, ಆಸ್ಪತ್ರೆ ಮೊದಲು. ಆದರೆ ತೆಗೆದ ಲೆನ್ಸನ್ನು ಅದರ ಪೆಟ್ಟಿಗೆಯಲ್ಲೇ ಇಡಿ, ವೈದ್ಯರ ಟಿಪ್ಪಣಿ ಬರೆಸಿಕೊಳ್ಳಿ.

ದೂರು ಎಲ್ಲಿ, ಹೇಗೆ

1. ಅಂಗಡಿಗೆ ಬರಹದಲ್ಲಿ ದೂರು ಕೊಡಿ. ವಾಟ್ಸ್ಯಾಪ್ ಅಥವಾ ಇಮೇಲ್ ಆದರೂ ಸರಿ. ಬಾಯಿಮಾತಿನ ಜಗಳಕ್ಕೆ ಸಾಕ್ಷಿ ಇರುವುದಿಲ್ಲ.
2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆದರೆ ಅವರು ಆದೇಶ ಮಾಡಲಾರರು, ಮಾತುಕತೆ ನಡೆಸಬಲ್ಲರು ಅಷ್ಟೆ. ಅದನ್ನೇ ಕಾಯುತ್ತ ಕಾಲ ಕಳೆಯಬೇಡಿ. ಆಯೋಗಕ್ಕೆ ಹೋಗಲು ಇರುವ ಅವಧಿ 2 ವರ್ಷ.
3. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು.

ಬೆಂಗಳೂರಿನಲ್ಲಿ ಕೊಂಡ ಲೆನ್ಸ್‌ಗೆ ಹಾವೇರಿಯಲ್ಲಿ ದೂರು ಕೊಡಲು ಬರುವುದಿಲ್ಲ, ವಕೀಲರಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಗದರಿದರೆ ಅದು ಸುಳ್ಳು. ವಕೀಲರು ಕಡ್ಡಾಯವಲ್ಲ, ವಕೀಲನಾಗಿಯೇ ಇದನ್ನು ಹೇಳುತ್ತಿದ್ದೇನೆ. ಗೇಟಿನ ಹೊರಗೆ ‘ನಂಬರ್ ಹಾಕಿಸಿಕೊಡ್ತೀನಿ’ ಎಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಮಾತು ಕೇಳದೆ ದೂರನ್ನು ತಿರಸ್ಕರಿಸುವಂತಿಲ್ಲ. 21 ದಿನದಲ್ಲಿ ಅಂಗೀಕಾರದ ಪ್ರಶ್ನೆ ತೀರ್ಮಾನವಾಗದಿದ್ದರೆ ದೂರು ಅಂಗೀಕಾರವಾದಂತೆ ಎಂದು ಕಾಯ್ದೆಯೇ ಹೇಳಿದೆ. ತೀರ್ಪು ಬರಲು ಮಾತ್ರ ಕಾಯ್ದೆ ಹೇಳುವ ತಿಂಗಳುಗಳಿಗಿಂತ ಹೆಚ್ಚು ಹಿಡಿಯಬಹುದು, ಅದಕ್ಕೆ ತಯಾರಿರಿ.

ಎಷ್ಟೇ ಕಾನೂನು ಇದ್ದರೂ ನಿಮ್ಮ ಕೈಯಲ್ಲಿ ಲೆನ್ಸ್ ಚೀಟಿ, ನಂಬರ್ ಬರೆದ ಬಿಲ್, ಡಬ್ಬಿ ಈ ಮೂರು ಇಲ್ಲದಿದ್ದರೆ ಆಯೋಗ ನಿಮ್ಮ ಪರ ನಿಲ್ಲುವುದು ಕಷ್ಟ. ಮುಂದಿನ ಸಲ ಲೆನ್ಸ್ ಕೊಳ್ಳುವಾಗ ಸಂಕೋಚ ಬಿಟ್ಟು ಈ ಮೂರನ್ನೂ ಕೇಳಿ ಪಡೆಯಿರಿ.