ಫಿಲ್ಟರ್ ತಪ್ಪಾದ್ರೆ ಜಗಳ ಗ್ಯಾರಂಟಿ: ವೈರ್‌ಶಾರ್ಕ್ ಕಲಿಯೋಣ ಬನ್ನಿ

ನಾನು ಎಲ್‌ಕೆಜಿಯಿಂದ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ಸೆಮ್‌ನಲ್ಲಿ ನಾನೂ ನನ್ನ ಲ್ಯಾಬ್ ಪಾರ್ಟ್ನರೂ ಮಿನಿ ಪ್ರಾಜೆಕ್ಟ್‌ಗೆ ಒಂದು ಚಾಟ್ ಅಪ್ಲಿಕೇಶನ್ ಮಾಡಿದ್ವಿ. ಪೈಥಾನ್ ಸಾಕೆಟ್, ಪೋರ್ಟ್ 12345. ಸರ್ವರ್ ನಂದು, ಕ್ಲೈಂಟ್ ಅವನದು. ಮರುದಿನ ಬೆಳಿಗ್ಗೆ ಡೆಮೊ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ರೂಮಲ್ಲಿ ಎರಡು ಲ್ಯಾಪ್‌ಟಾಪ್‌ಗಳನ್ನೂ ಫೋನ್ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ ಟೆಸ್ಟ್ ಮಾಡಿದ್ರೆ ಅವನ ಸ್ಕ್ರೀನ್ ಮೇಲೆ ಬರೀ "ಫೇಲ್ಡ್" ಅಂತ ಬರ್ತಿತ್ತು.

"ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡೂ ರನ್ ಮಾಡಿದಾಗ ಸರಿಯಾಗೇ ಇತ್ತು ಮಗಾ, ನಿನ್ನ ಕ್ಲೈಂಟೇ ಸರಿ ಇಲ್ಲ" ಅಂದೆ ನಾನು. "ನಾನು ಒಂದು ಲೈನೂ ಮುಟ್ಟಿಲ್ಲ ಕಣೋ, ನಿನ್ನ ಸರ್ವರ್ ನೋಡ್ಕೋ" ಅಂದ ಅವನು. ಮಾತಿಗೆ ಮಾತು ಬೆಳೀತು. ಆಗ ನಾನು ವೈರ್‌ಶಾರ್ಕ್ ಓಪನ್ ಮಾಡಿದೆ, ಅವನನ್ನ ಸುಮ್ಮನಾಗಿಸೋಕೆ. ಅವತ್ತು ಕಲಿತದ್ದೇ ಈ ಪಾಠ.

ವೈರ್‌ಶಾರ್ಕ್ ಅಂದ್ರೇನು?

ನಮ್ಮ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡ್ ಮೂಲಕ ಹೋಗೋ, ಬರೋ ಪ್ಯಾಕೆಟ್‌ಗಳನ್ನ ಹಿಡಿದು, ಬಿಡಿಸಿ ತೋರಿಸೋ ಸಾಫ್ಟ್‌ವೇರ್ ಇದು. ಇಂಥವಕ್ಕೆ ಪ್ಯಾಕೆಟ್ ಅನಲೈಸರ್ ಅಂತಾರೆ. ಜೆರಾಲ್ಡ್ ಕೂಂಬ್ಸ್ ಅನ್ನೋರು ಇದನ್ನ ಶುರು ಮಾಡಿ 1998ರಲ್ಲಿ ಈಥೀರಿಯಲ್ ಅನ್ನೋ ಹೆಸರಲ್ಲಿ ಬಿಡುಗಡೆ ಮಾಡಿದ್ರು. 2006ರಲ್ಲಿ ಅವರು ಕೆಲಸ ಬದಲಾಯಿಸಿದಾಗ ಆ ಹೆಸರಿನ ಟ್ರೇಡ್‌ಮಾರ್ಕ್ ಅವರ ಜೊತೆ ಬರಲಿಲ್ಲ. ಹಾಗಾಗಿ ವೈರ್‌ಶಾರ್ಕ್ ಅಂತ ಹೊಸ ಹೆಸರು ಬಂತು. ಓಪನ್ ಸೋರ್ಸ್, ಪೂರ್ತಿ ಉಚಿತ.

ಒಂದು ಸೂಚನೆ. ಇಲ್ಲಿ ಫಿಲ್ಟರ್‌ಗಳನ್ನ ನಾವು ಬಾಯಲ್ಲಿ ಓದೋ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ. ವೈರ್‌ಶಾರ್ಕ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹಾಕಿ, ಚುಕ್ಕಿಗಳನ್ನ ಬಿಡಬೇಡಿ.

ಮೊದಲ ಹೆಜ್ಜೆ: ಯಾವ ಇಂಟರ್‌ಫೇಸ್?

ಓಪನ್ ಮಾಡಿದ ಕೂಡ್ಲೇ ಇಂಟರ್‌ಫೇಸ್‌ಗಳ ಪಟ್ಟಿ ಬರುತ್ತೆ: ವೈಫೈ, ಈಥರ್ನೆಟ್, ಲೂಪ್‌ಬ್ಯಾಕ್ ಹೀಗೆ. ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಗ್ರಾಫ್ ಇರುತ್ತೆ. ಗೆರೆ ಮೇಲೆ ಕೆಳಗೆ ಆಡ್ತಿದ್ರೆ ಅಲ್ಲಿ ಟ್ರಾಫಿಕ್ ಇದೆ ಅಂತ ಅರ್ಥ. ಬೇರೆ ಲ್ಯಾಪ್‌ಟಾಪ್ ಜೊತೆ ಮಾತಾಡೋದನ್ನ ನೋಡಬೇಕಾದ್ರೆ ವೈಫೈ ಆರಿಸಿ. ಕ್ಲೈಂಟ್, ಸರ್ವರ್ ಎರಡೂ ಒಂದೇ ಮಶೀನ್‌ನಲ್ಲಿದ್ರೆ ಪ್ಯಾಕೆಟ್‌ಗಳು ವೈಫೈಗೆ ಬರೋದೇ ಇಲ್ಲ, ಲೂಪ್‌ಬ್ಯಾಕ್‌ನಲ್ಲೇ ಸುತ್ತುತ್ತವೆ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಕ್ಯಾಪ್ಚರ್ ಶುರು. ನಿಲ್ಲಿಸೋಕೆ ಕಂಟ್ರೋಲ್ ಮತ್ತು ಇ, ಅಥವಾ ಮೇಲಿರೋ ಕೆಂಪು ಚೌಕ.

ಪರದೆಯ ಮೂರು ಭಾಗ

ಮೊದಲನೇದು ಪ್ಯಾಕೆಟ್ ಲಿಸ್ಟ್. ಒಂದು ಸಾಲಿಗೆ ಒಂದು ಪ್ಯಾಕೆಟ್. ಸಂಖ್ಯೆ, ಸಮಯ, ಯಾರಿಂದ, ಯಾರಿಗೆ, ಪ್ರೋಟೋಕಾಲ್, ಉದ್ದ, ಕೊನೆಗೆ ಇನ್ಫೋ. ಆತುರದಲ್ಲಿದ್ರೆ ಇನ್ಫೋ ಕಾಲಂ ಓದಿದ್ರೂ ಅರ್ಧ ಕಥೆ ಗೊತ್ತಾಗುತ್ತೆ.

ಎರಡನೇದು ಪ್ಯಾಕೆಟ್ ಡೀಟೇಲ್ಸ್. ಆರಿಸಿದ ಪ್ಯಾಕೆಟ್‌ನ ಒಂದೊಂದೇ ಪದರ ಇಲ್ಲಿ ಕಾಣುತ್ತೆ: ಫ್ರೇಮ್, ಈಥರ್ನೆಟ್, ಐಪಿ, ಟಿಸಿಪಿ. ಕ್ಲಾಸಲ್ಲಿ ಲೇಯರ್ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣಿಗೇ ಕಾಣುತ್ತೆ.

ಮೂರನೇದು ಪ್ಯಾಕೆಟ್ ಬೈಟ್ಸ್. ಅದೇ ಪ್ಯಾಕೆಟ್‌ನ ಹೆಕ್ಸ್ ರೂಪ. ಡೀಟೇಲ್ಸ್‌ನಲ್ಲಿ ಒಂದು ಫೀಲ್ಡ್ ಮೇಲೆ ಕ್ಲಿಕ್ ಮಾಡಿದ್ರೆ ಅದರ ಬೈಟ್‌ಗಳು ಇಲ್ಲಿ ಹೈಲೈಟ್ ಆಗುತ್ತವೆ.

ನಾಲ್ಕನೇದು ಒಂದಿದೆ, ಯಾರೂ ನೋಡಲ್ಲ: ತೀರಾ ಕೆಳಗಿನ ಸ್ಟೇಟಸ್ ಬಾರ್. ಅಲ್ಲಿ ಒಟ್ಟು ಎಷ್ಟು ಪ್ಯಾಕೆಟ್ ಸಿಕ್ಕಿವೆ, ಈಗ ಎಷ್ಟು ತೋರಿಸ್ತಿದೆ ಅಂತ ಎರಡು ಲೆಕ್ಕ ಇರುತ್ತೆ. ನಾನೂ ಅವತ್ತು ನೋಡಲಿಲ್ಲ. ಅಲ್ಲೇ ಎಡವಿದ್ದು.

ಎರಡು ಥರದ ಫಿಲ್ಟರ್

ಕ್ಯಾಪ್ಚರ್ ಫಿಲ್ಟರ್ ಅನ್ನೋದು ಬಾಗಿಲಲ್ಲೇ ತಡೆಯೋದು. ಕ್ಯಾಪ್ಚರ್ ಶುರು ಮಾಡೋ ಮೊದಲೇ ಹಾಕಬೇಕು. ಅದು ಬಿಟ್ಟ ಪ್ಯಾಕೆಟ್ ಮತ್ತೆ ಸಿಗಲ್ಲ. ಡಿಸ್‌ಪ್ಲೇ ಫಿಲ್ಟರ್ ಹಾಗಲ್ಲ. ಎಲ್ಲ ಪ್ಯಾಕೆಟ್‌ಗಳೂ ಒಳಗೇ ಇರುತ್ತವೆ, ನಾವು ಕೇಳಿದ್ದನ್ನ ಮಾತ್ರ ತೋರಿಸುತ್ತೆ. ಫಿಲ್ಟರ್ ತೆಗೆದ್ರೆ ಎಲ್ಲ ವಾಪಸ್ ಬರುತ್ತೆ. ಎರಡರ ಬರವಣಿಗೆಯೂ ಬೇರೆ. ಕ್ಯಾಪ್ಚರ್‌ನಲ್ಲಿ "ಟಿಸಿಪಿ ಪೋರ್ಟ್ 12345" ಅಂತ ಬರೆದ್ರೆ, ಡಿಸ್‌ಪ್ಲೇನಲ್ಲಿ "ಟಿಸಿಪಿ.ಪೋರ್ಟ್ == 12345". ನಮ್ಮಂಥ ಹೊಸಬರು ಕ್ಯಾಪ್ಚರ್ ಫಿಲ್ಟರ್ ಹಾಕದೆ ಎಲ್ಲವನ್ನೂ ಹಿಡಿದು, ಆಮೇಲೆ ಡಿಸ್‌ಪ್ಲೇ ಫಿಲ್ಟರ್‌ನಿಂದ ಹುಡುಕೋದೇ ಒಳ್ಳೇದು.

ಡಿಸ್‌ಪ್ಲೇ ಫಿಲ್ಟರ್ ಪೆಟ್ಟಿಗೆ ಪ್ಯಾಕೆಟ್ ಲಿಸ್ಟ್‌ನ ಮೇಲೇ ಇದೆ. ಟೈಪ್ ಮಾಡ್ತಾ ಇದ್ದ ಹಾಗೆ ಬಣ್ಣ ಬದಲಾಗುತ್ತೆ. ಕೆಂಪು ಅಂದ್ರೆ ಬರೆದದ್ದು ತಪ್ಪು ಅಥವಾ ಇನ್ನೂ ಮುಗಿದಿಲ್ಲ. ಹಸಿರು ಅಂದ್ರೆ ಸರಿ. ಹಳದಿ ಅಂದ್ರೆ ಓಡುತ್ತೆ, ಆದ್ರೆ ನೀವು ಅಂದುಕೊಂಡ ಉತ್ತರ ಬರದೇ ಇರಬಹುದು, ಹುಷಾರು. ಒಂದು ವಿಷಯ ಗಮನಿಸಿ: ಹಸಿರು ಹೇಳೋದು ವ್ಯಾಕರಣ ಸರಿ ಇದೆ ಅಂತ ಅಷ್ಟೇ. ಪ್ರಶ್ನೆ ಸರಿ ಇದೆ ಅಂತ ಅಲ್ಲ.

ನಾನು ಮಾಡಿದ ತಪ್ಪು

ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ವೈಫೈ ಮೇಲೆ ಕ್ಯಾಪ್ಚರ್ ಶುರು ಮಾಡಿ, "ಈಗ ಕಳಿಸು" ಅಂದೆ. ಅವನು ನಾಲ್ಕೈದು ಸಲ ರನ್ ಮಾಡಿದ. ನನಗೆ ಬೇಕಾಗಿದ್ದದ್ದು ಅವನ ಮೆಸೇಜ್. ಹಾಗಾಗಿ ಡೇಟಾ ಇರೋ ಪ್ಯಾಕೆಟ್ ಮಾತ್ರ ತೋರಿಸು ಅಂತ ಹೀಗೆ ಬರೆದೆ:

ಟಿಸಿಪಿ.ಪೋರ್ಟ್ == 12345 && ಟಿಸಿಪಿ.ಎಲ್‌ಇಎನ್ > 0

ಪೆಟ್ಟಿಗೆ ಹಸಿರಾಯ್ತು. ಎಂಟರ್ ಒತ್ತಿದೆ. ಲಿಸ್ಟ್ ಖಾಲಿ. "ನೋಡು, ನಿನ್ನ ಕಡೆಯಿಂದ ಒಂದೇ ಒಂದು ಪ್ಯಾಕೆಟ್ ಬಂದಿಲ್ಲ. ಇನ್ನೇನು ಪ್ರೂಫ್ ಬೇಕು?" ಅಂತ ಸ್ಕ್ರೀನ್ ತಿರುಗಿಸಿ ತೋರಿಸಿದೆ. ಅವನು ಏನೂ ಮಾತಾಡದೆ ತನ್ನ ಕೋಡ್ ಮೊದಲಿಂದ ಬರೆಯೋಕೆ ಕೂತ. ಒಂದೂವರೆ ಗಂಟೆ. ನಾನು ಪಕ್ಕದಲ್ಲಿ ಕೂತು ಫೋನ್ ನೋಡ್ತಿದ್ದೆ.

ಹೊಸ ಕೋಡೂ ಫೇಲ್ ಆಯ್ತು. ಆಗ ಅವನೇ ಕೇಳಿದ, "ಕೆಳಗಡೆ ಸಾವಿರಾರು ಪ್ಯಾಕೆಟ್ ಅಂತ ಬರ್ತಿದೆ, ತೋರಿಸ್ತಿರೋದು ಸೊನ್ನೆ ಅಂತಿದೆ. ಬಾಕಿ ಎಲ್ಲ ಎಲ್ಲಿ ಹೋಯ್ತು?"

ಫಿಲ್ಟರ್‌ನ ಎರಡನೇ ಅರ್ಧ ಅಳಿಸಿದೆ. ಬರೀ "ಟಿಸಿಪಿ.ಪೋರ್ಟ್ == 12345" ಉಳಿಸಿದೆ. ಲಿಸ್ಟ್ ತುಂಬ ಸಾಲುಗಳು ಬಂದವು. ಅವನ ವಿಳಾಸದಿಂದ ನನಗೆ ಸಿನ್. ನನ್ನ ವಿಳಾಸದಿಂದ ಅವನಿಗೆ ಆರ್‌ಎಸ್‌ಟಿ, ಕಡು ಕೆಂಪು ಬಣ್ಣದಲ್ಲಿ. ಮತ್ತೆ ಸಿನ್, ಮತ್ತೆ ಆರ್‌ಎಸ್‌ಟಿ. ಅವನ ಪ್ಯಾಕೆಟ್ ಪ್ರತಿ ಸಲವೂ ಬಂದಿತ್ತು. ಪ್ರತಿ ಸಲವೂ ಬೇಡ ಅಂದದ್ದು ನನ್ನ ಲ್ಯಾಪ್‌ಟಾಪ್.

ಯಾಕೆ ಹೀಗಾಯ್ತು? ಟಿಸಿಪಿಯಲ್ಲಿ ಮೊದಲು ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ಆಗಬೇಕು: ಸಿನ್, ಸಿನ್-ಆಕ್, ಆಕ್. ಅದಾದ ಮೇಲೇ ಡೇಟಾ. ಸಾಮಾನ್ಯವಾಗಿ ಈ ಪ್ಯಾಕೆಟ್‌ಗಳಲ್ಲಿ ಡೇಟಾ ಇರಲ್ಲ, ಟಿಸಿಪಿ ಉದ್ದ ಸೊನ್ನೆ. ಆರ್‌ಎಸ್‌ಟಿ ಕೂಡ ಹಾಗೇ ಬಂದಿತ್ತು. ನಾನು ಕೇಳಿದ ಪ್ರಶ್ನೆ "ಡೇಟಾ ಹೊತ್ತು ಬಂದವರು ಯಾರಾದ್ರೂ ಇದ್ದಾರಾ?" ಅನ್ನೋದು. ಅದಕ್ಕೆ ವೈರ್‌ಶಾರ್ಕ್ "ಇಲ್ಲ" ಅಂತ ನಿಜವನ್ನೇ ಹೇಳಿತ್ತು. ನಾನು ಅದನ್ನ "ಯಾರೂ ಬಂದೇ ಇಲ್ಲ" ಅಂತ ಓದಿಕೊಂಡೆ. ಕ್ಲಾಸಲ್ಲಿ ಸರ್ "ಡೌಟ್ ಇರೋರು ಕೈ ಎತ್ತಿ" ಅಂದಾಗ ಒಂದು ಕೈಯೂ ಮೇಲೇಳಲ್ಲ. ಹಾಗಂತ ಕ್ಲಾಸ್ ಖಾಲಿ ಅಂತಲ್ಲವಲ್ಲ!

ಮೂರು ಥರದ ಉತ್ತರ

ಕನೆಕ್ಟ್ ಆಗ್ತಿಲ್ಲ ಅಂದಾಗ ಪೋರ್ಟ್ ಫಿಲ್ಟರ್ ಮಾತ್ರ ಹಾಕಿ ಇದನ್ನ ನೋಡಿ:

1. ಸಿನ್, ಸಿನ್-ಆಕ್, ಆಕ್ ಮೂರೂ ಕಾಣ್ತಿವೆ. ಕನೆಕ್ಷನ್ ಸರಿ ಇದೆ. ತೊಂದರೆ ಇದ್ರೆ ಅದು ಮೇಲಿನ ಕೋಡ್‌ನಲ್ಲಿದೆ.

2. ಸಿನ್‌ಗೆ ಉತ್ತರವಾಗಿ ಆರ್‌ಎಸ್‌ಟಿ. ಮನೆ ಸಿಕ್ಕಿದೆ, ಬಾಗಿಲೂ ತೆರೆದಿದೆ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಅಂದು ಕಳಿಸ್ತಿದ್ದಾರೆ. ಸಾಮಾನ್ಯವಾಗಿ ಆ ವಿಳಾಸದ ಆ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಮೂ ಕಾಯ್ತಿಲ್ಲ ಅಂತ ಅರ್ಥ.

3. ಸಿನ್ ಮೇಲೆ ಸಿನ್, ಉತ್ತರವೇ ಇಲ್ಲ. ಬೆಲ್ ಒತ್ತಿದ್ರೂ ಯಾರೂ ಬರ್ತಿಲ್ಲ. ಫೈರ್‌ವಾಲ್ ಸದ್ದಿಲ್ಲದೆ ಬಿಸಾಡ್ತಿರಬಹುದು, ವಿಳಾಸ ತಪ್ಪಿರಬಹುದು, ದಾರಿಯಲ್ಲೇ ಕಳೆದಿರಬಹುದು.

ನಮ್ಮದು ಎರಡನೇದು. ನನ್ನ ಸರ್ವರ್ ಕೋಡ್‌ನ ಬೈಂಡ್ ಸಾಲಿನಲ್ಲಿ 127.0.0.1 ಅಂತ ಬರೆದಿದ್ದೆ. ಅದು ಲೂಪ್‌ಬ್ಯಾಕ್ ವಿಳಾಸ. ಅಂದ್ರೆ ನನ್ನ ಲ್ಯಾಪ್‌ಟಾಪ್‌ನ ಒಳಗಿನವರಿಗೆ ಮಾತ್ರ ಬಾಗಿಲು. ಅದಕ್ಕೇ ನಾನೊಬ್ಬನೇ ಟೆಸ್ಟ್ ಮಾಡಿದಾಗ ಎಲ್ಲ ಸರಿಯಾಗಿತ್ತು. 0.0.0.0 ಅಂತ ಬದಲಾಯಿಸಿದೆ. ಅಂದ್ರೆ ಈ ಮಶೀನ್‌ನ ಎಲ್ಲ ವಿಳಾಸದಲ್ಲೂ ಕಾಯಿ ಅಂತ. ಸರ್ವರ್ ಮತ್ತೆ ಶುರು ಮಾಡಿದ ಕೂಡ್ಲೇ ಕನೆಕ್ಟ್ ಆಯ್ತು. ಅವನ ಹಳೇ ಕೋಡ್‌ನಿಂದಲೇ! ಅವನ ಕೋಡ್‌ನಲ್ಲಿದ್ದ ಒಂದೇ ಕೊರತೆ, ಎಕ್ಸೆಪ್ಟ್ ಹಾಕಿ ನಿಜವಾದ ಎರರ್ ನುಂಗಿ ಬರೀ "ಫೇಲ್ಡ್" ಅಂತ ಪ್ರಿಂಟ್ ಮಾಡಿದ್ದು. "ಕನೆಕ್ಷನ್ ರೆಫ್ಯೂಸ್ಡ್" ಅಂತ ಪೂರ್ತಿ ತೋರಿಸಿದ್ರೆ ನಮಗೆ ಬೇಗ ಹೊಳೀತಿತ್ತೇನೋ.

ದಿನಾ ಬೇಕಾಗೋ ಫಿಲ್ಟರ್‌ಗಳು

ಐಪಿ.ಎಡಿಡಿಆರ್ == 192.168.43.35
ಈ ವಿಳಾಸದಿಂದ ಬಂದದ್ದು, ಇದಕ್ಕೆ ಹೋದದ್ದು ಎರಡೂ. ಒಂದೇ ದಿಕ್ಕು ಸಾಕಾದ್ರೆ ಐಪಿ.ಎಸ್‌ಆರ್‌ಸಿ ಅಥವಾ ಐಪಿ.ಡಿಎಸ್‌ಟಿ.

!(ಐಪಿ.ಎಡಿಡಿಆರ್ == 192.168.43.35)
ಈ ವಿಳಾಸ ಬಿಟ್ಟು ಉಳಿದದ್ದು. ಇದನ್ನ != ಹಾಕಿಯೂ ಬರೀಬಹುದು, ಆದ್ರೆ 3.6ಕ್ಕಿಂತ ಹಳೇ ವರ್ಷನ್‌ಗಳಲ್ಲಿ ಅದರ ಅರ್ಥವೇ ಬೇರೆ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಯಾವ ವರ್ಷನ್ ಇರುತ್ತೋ! ಹೀಗೆ ಬರೆದ್ರೆ ಎಲ್ಲ ಕಡೆ ಒಂದೇ ಅರ್ಥ.

ಟಿಸಿಪಿ.ಫ್ಲ್ಯಾಗ್ಸ್.ರೀಸೆಟ್ == 1
ಬರೀ ಆರ್‌ಎಸ್‌ಟಿ ಪ್ಯಾಕೆಟ್‌ಗಳು. ಯಾರು ಯಾರಿಗೆ ಬೇಡ ಅಂದ್ರು ಅನ್ನೋದು ತಕ್ಷಣ ಗೊತ್ತಾಗುತ್ತೆ.

ಟಿಸಿಪಿ.ಫ್ಲ್ಯಾಗ್ಸ್.ಸಿನ್ == 1 && ಟಿಸಿಪಿ.ಫ್ಲ್ಯಾಗ್ಸ್.ಆಕ್ == 0
ಕನೆಕ್ಷನ್ ಶುರು ಮಾಡೋಕೆ ಹೊರಟ ಪ್ಯಾಕೆಟ್‌ಗಳು ಮಾತ್ರ.

ಟಿಸಿಪಿ.ಅನಾಲಿಸಿಸ್.ರೀಟ್ರಾನ್ಸ್‌ಮಿಷನ್
ಕಳಿಸಿದ್ದನ್ನೇ ಮತ್ತೆ ಕಳಿಸಿದ್ದು. ನೆಟ್ ನಿಧಾನ ಅಂದಾಗ ಇಲ್ಲಿಂದ ಶುರು ಮಾಡಿ.

ಡಿಎನ್‌ಎಸ್
ಹೆಸರಿನಿಂದ ವಿಳಾಸ ಹುಡುಕೋ ಪ್ಯಾಕೆಟ್‌ಗಳು. ಇಷ್ಟೇ ಟೈಪ್ ಮಾಡಿದ್ರೂ ಸಾಕು.

ಎರಡು ಷರತ್ತು ಸೇರಿಸೋಕೆ &&, ಯಾವುದಾದ್ರೂ ಒಂದು ಸಾಕು ಅಂದ್ರೆ ||. ಇವೆಲ್ಲ ಬಾಯಿಪಾಠ ಬೇಡ. ಡೀಟೇಲ್ಸ್‌ನಲ್ಲಿ ಬೇಕಾದ ಫೀಲ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಪ್ಲೈ ಆ್ಯಸ್ ಫಿಲ್ಟರ್, ಆಮೇಲೆ ಸೆಲೆಕ್ಟೆಡ್ ಕೊಡಿ. ಫಿಲ್ಟರ್ ತಾನಾಗೇ ಪೆಟ್ಟಿಗೆಗೆ ಬರುತ್ತೆ. ಫೀಲ್ಡ್ ಮೇಲೆ ಸುಮ್ಮನೆ ಕ್ಲಿಕ್ ಮಾಡಿದ್ರೂ ಅದರ ಫಿಲ್ಟರ್ ಹೆಸರು ಸ್ಟೇಟಸ್ ಬಾರ್‌ನಲ್ಲಿ ಕಾಣುತ್ತೆ. ನಾನು ಕಲಿತದ್ದೆಲ್ಲ ಹೀಗೇ.

ಇನ್ನೊಂದು ಶಾಕ್

ಚಾಟ್ ಓಡಿದ ಖುಷಿಯಲ್ಲಿ ಒಂದು ಪ್ಯಾಕೆಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಫಾಲೋ, ಟಿಸಿಪಿ ಸ್ಟ್ರೀಮ್ ಕೊಟ್ಟೆ. ಇಡೀ ಸಂಭಾಷಣೆ ಒಂದೇ ಕಿಟಕಿಯಲ್ಲಿ ಬಂತು. ಕ್ಲೈಂಟ್ ಮಾತು ಕೆಂಪು, ಸರ್ವರ್ ಮಾತು ನೀಲಿ. ಅದರ ಮೇಲೆಯೇ ಅವನ ಲಾಗಿನ್ ಪಾಸ್‌ವರ್ಡ್, ಅಕ್ಷರ ಅಕ್ಷರ ಬಿಡದೆ! ನಾವು ಎನ್‌ಕ್ರಿಪ್ಶನ್ ಏನೂ ಹಾಕಿರಲಿಲ್ಲ. ರಿಪೋರ್ಟ್‌ನ ಕೊರತೆಗಳು ಅನ್ನೋ ಭಾಗದಲ್ಲಿ ಮೊದಲ ಸಾಲಿಗೆ ಅದನ್ನೇ ಬರೆದ್ವಿ. ಅವನು ಆ ಪಾಸ್‌ವರ್ಡ್ ಬೇರೆ ಕಡೆಯೂ ಇಟ್ಟಿದ್ದನಂತೆ, ಅವತ್ತೇ ಬದಲಾಯಿಸಿದ. ಅದಕ್ಕೇ ಒಂದು ಮಾತು: ನಿಮ್ಮ ಮಶೀನ್, ನಿಮ್ಮ ನೆಟ್‌ವರ್ಕ್, ಇಲ್ಲಾ ಒಪ್ಪಿಗೆ ಕೊಟ್ಟವರದ್ದು. ಅಷ್ಟರಲ್ಲೇ ಕ್ಯಾಪ್ಚರ್ ಮಾಡಿ. ಪಕ್ಕದ ರೂಮಿನವರ ಟ್ರಾಫಿಕ್ ನಮ್ಮ ಲ್ಯಾಬ್ ಎಕ್ಸರ್‌ಸೈಜ್ ಅಲ್ಲ.

ನೆನಪಿಡಿ

ಲಿಸ್ಟ್ ಖಾಲಿ ಕಂಡ್ರೆ ಯಾರ ಮೇಲೂ ಎಗರಬೇಡಿ. ಮೊದಲು ಇಂಟರ್‌ಫೇಸ್ ಸರಿ ಇದೆಯಾ ನೋಡಿ. ಆಮೇಲೆ ಸ್ಟೇಟಸ್ ಬಾರ್‌ನ ಎರಡು ಲೆಕ್ಕ ಓದಿ. ಆಮೇಲೆ ಫಿಲ್ಟರ್‌ನ ಒಂದೊಂದೇ ಷರತ್ತು ಅಳಿಸ್ತಾ ಬನ್ನಿ. ಕೊನೆಗೆ ಫಿಲ್ಟರ್ ಪೂರ್ತಿ ತೆಗೆದು ನೋಡಿ. ನಾಲ್ಕು ಕ್ಲಿಕ್ಕಿನ ಕೆಲಸ. ನಾನು ಅದನ್ನ ಮಾಡದೆ ಒಬ್ಬ ಸ್ನೇಹಿತನ ಒಂದೂವರೆ ಗಂಟೆ ನಿದ್ದೆ ತಿಂದೆ.

ಡೆಮೊ ಚೆನ್ನಾಗೇ ಆಯ್ತು. "ಯಾರು ಏನು ಮಾಡಿದ್ರಿ?" ಅಂತ ಮ್ಯಾಮ್ ಕೇಳಿದಾಗ, ತಪ್ಪು ನನ್ನ ಸರ್ವರ್‌ನಲ್ಲಿತ್ತು, ಅದು ಗೊತ್ತಾಗಿದ್ದು ಇವನು ಕೇಳಿದ ಪ್ರಶ್ನೆಯಿಂದ ಅಂತ ಹೇಳಿದೆ. ಹೊರಗೆ ಬಂದ ಮೇಲೆ ಅವನು ಹೇಳಿದ್ದು ಇಷ್ಟೇ: "ಕಾಫಿ ಕೊಡಿಸು. ಇನ್ಮೇಲೆ ಬೈಯೋಕೆ ಮುಂಚೆ ಫಿಲ್ಟರ್ ತೆಗಿ."

ಕೊಡಿಸಿದೆ. ನೀವೂ ಇವತ್ತೇ ಒಂದು ಕ್ಯಾಪ್ಚರ್ ಮಾಡಿ ನೋಡಿ. ಡೌಟ್ ಇದ್ರೆ ಕನ್ನಡ ಕ್ಲಬ್ ಮೀಟಿಂಗ್‌ನಲ್ಲಿ ಹಿಡ್ಕೊಳ್ಳಿ, ಕೂತು ನೋಡೋಣ.