ಕೋಳಿಗಳ ಕುಕ್ಕಾಟವೂ ಅದರ ನಿವಾರಣೆಯೂ

ಕೋಳಿಗಳ ಹಿಂಡಿನಲ್ಲಿ ಮೇಲು-ಕೀಳೆಂಬ ಶ್ರೇಣಿಯುಂಟು. ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸರು 1921ರಲ್ಲಿ ಇದನ್ನು ವಿವರಿಸಿದರು. ಆದಕಾರಣ ಅಲ್ಪ ಕುಕ್ಕಾಟಕ್ಕೆ ಅಂಜಬೇಕಾದುದಿಲ್ಲ. ರಕ್ತ ಕಂಡರೆ ಮಾತ್ರ ತಡಮಾಡಲಾಗದು. ಇಡೀ ಹಿಂಡೇ ಎರಗಿ ಗಾಯಗೊಂಡ ಕೋಳಿಯನ್ನು ಕೊಲ್ಲಲೂಬಹುದು. ಅದನ್ನು ಕೂಡಲೇ ಬೇರ್ಪಡಿಸಿ, ಗಾಯಕ್ಕೆ ಅರಿಸಿನ ಬೆರೆಸಿದ ಬೇವಿನೆಣ್ಣೆಯನ್ನು ಹಚ್ಚತಕ್ಕದ್ದು.

ಹುಬ್ಬಳ್ಳಿ-ಧಾರವಾಡದ ಪೇಟೆಯಿಂದ ತಂದ ಗಿರಿರಾಜ ಕೋಳಿಗಳನ್ನು ಅಂದೇ ಜವಾರಿ ಹಿಂಡಿನೊಳಗೆ ಬಿಡುವುದೇ ಬಹುಮಟ್ಟಿಗೆ ಜಗಳದ ಮೂಲವು. ಹೊಸಬುಗಳನ್ನು ಮೂರು ವಾರ ದೂರದ ಗೂಡಿನಲ್ಲಿರಿಸಿರಿ. ಕೊಕ್ಕರೆ ರೋಗವಿದ್ದರೆ ಅಷ್ಟರಲ್ಲಿ ತಿಳಿದುಬರುವುದು. ಬಳಿಕ ಕೆಲವು ದಿನ ಜಾಲರಿಯ ಆಚೀಚೆ ಪರಸ್ಪರ ಕಾಣುವಂತೆ ಇಟ್ಟು, ಕತ್ತಲಾದ ಮೇಲೆ ಕೂಡಿಸತಕ್ಕದ್ದು. ಒಂಟಿಯಾಗಿ ಒಂದನ್ನೇ ಬಿಡಬಾರದು. ಕಾಳು-ನೀರುಗಳನ್ನು ಎರಡು-ಮೂರು ಕಡೆ ಇಟ್ಟರೆ ಬಲಹೀನ ಕೋಳಿಗೂ ಪಾಲು ದೊರೆಯುವುದು.

ಇಷ್ಟಾದರೂ ಅಡಗದ ಪುಂಡ ಕೋಳಿಯನ್ನು, ಅದು ಗೌಡರ ಮನೆಯದೇ ಆಗಲಿ, ನಾಲ್ಕಾರು ದಿನ ಹಿಂಡಿನಿಂದ ಹೊರಗಿಡಿರಿ. ಮರಳಿದಾಗ ಅದರ ಸ್ಥಾನವು ಸಾಮಾನ್ಯವಾಗಿ ಇಳಿದಿರುವುದು.