ಹೊಳೆದಂಡೆಯ ನಿಧಿಬೇಟೆ

ದಸರಾ ರಜೆಗೆ ಊರಿಗೆ ಬರುವ ಮಕ್ಕಳನ್ನು ಕಟ್ಟಿಕೊಂಡು ತುಂಗೆಯ ದಂಡೆಗುಂಟ ನಿಧಿಬೇಟೆ ಆಡಿಸುವುದು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ತೋಟದ ಉಣಗೋಲು ದಾಟಿದರೆ ಕಾಲುದಾರಿ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದಕ್ಕೆ ಮರಗಳ ಕತ್ತಲೆ. ಆಡಿಸುತ್ತ ನಾನೇ ಕಲಿತ ಕೆಲವು ಮಾತು ಇಲ್ಲಿವೆ.

ಮೊದಲು ಊರವರಿಗೆ ಹೇಳಿ. ಹೊನ್ನಿನ ಆಸೆಗೆ ಹಾಳುಗುಡಿಯ ಪೀಠ, ವೀರಗಲ್ಲು, ಮಾಸ್ತಿಕಲ್ಲುಗಳ ಬುಡ ಅಗೆದವರ ಕಥೆ ನಮ್ಮ ನಾಡಿಗೆ ಹೊಸದಲ್ಲ. "ಎಂಥ ನಿಧಿ ಮಾರಾಯ್ರೆ? ವೀರಗಲ್ಲಿಗೆ ಕೈ ಹಾಕೂದಿಲ್ಲ ತಾನೆ?" ಎಂದು ಪಕ್ಕದ ತೋಟದ ಹಿರಿಯರು ಕೇಳಿದ್ದುಂಟು. ನೆಲ ಅಗೆಯುವಂತಿಲ್ಲ ಎಂಬುದೇ ಈಗ ನಮ್ಮ ಆಟದ ಮೊದಲ ನಿಯಮ. 2000ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಆಟದಲ್ಲೂ ಡಬ್ಬಿಯನ್ನು ಹೂಳಬಾರದು. ಜೊತೆಗೆ, ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮ ಕೊಬ್ಬರಿ ಮಿಠಾಯಿಯ ಡಬ್ಬಿ ನೆಲದ ಮೇಲೇ ಇರುವುದರಿಂದ ಆ ತಾಪತ್ರಯವಿಲ್ಲ!

ಸುಳಿವನ್ನು ಜಗಲಿಯಲ್ಲಿ ಕೂತು ಬರೆದರೆ ಮಕ್ಕಳು ಚೀಟಿ ಹುಡುಕುತ್ತಾರೆಯೇ ಹೊರತು ಕಾಡು ನೋಡುವುದಿಲ್ಲ. ದಾರಿಯಲ್ಲಿ ನಿಂತು, ಕಣ್ಣಿಗೆ ಬಿದ್ದದ್ದನ್ನೇ ಒಗಟು ಮಾಡಬೇಕು. "ಕಾಲು ಹೊಳೆಯಲ್ಲಿ, ಮೈ ಬಿಳಿಚು, ಹಳೇ ಅಂಗಿ ಚೂರುಚೂರಾಗಿ ಉದುರಿಸುವವ ಯಾರು?" ತೊಗಟೆ ಸುಲಿಯುವ ಹೊಳೆಮತ್ತಿ. "ಹೂ ತೋರಿಸದೆ ಹಣ್ಣು ಕೊಡುವವಳು?" ಅತ್ತಿ, ಅದರ ಹೂವೆಲ್ಲ ಕಾಯಿಯೊಳಗೇ ಅಡಗಿರುತ್ತದೆ. "ಸೂಜಿಯಿಲ್ಲ, ನೂಲು ಮಕ್ಕಳ ಬಾಯಲ್ಲಿ, ಎಲೆ ಹೊಲಿದು ಮನೆ ಮಾಡಿದವರು?" ಇದು ಚಗಳಿ ಇರುವೆ. ದೊಡ್ಡವು ಎಲೆಯಂಚುಗಳನ್ನು ಎಳೆದು ಹಿಡಿದರೆ, ಮರಿಹುಳಗಳು ಉಗುಳುವ ನೂಲಿನಿಂದ ಹೊಲಿಗೆ ನಡೆಯುತ್ತದೆ. ಉತ್ತರ ಹೊಳೆದವರು ಗೂಡಿನಿಂದ ಮಾರು ದೂರ ನಿಲ್ಲುತ್ತಾರೆ. ಹೊಳೆಯದವರಿಗೆ ಚಗಳಿಯೇ ತಿಳಿಸಿಕೊಡುತ್ತದೆ.

ತಂಡಗಳನ್ನು ಬೆರೆಸುವುದೂ ಮುಖ್ಯ. ಚೀಟಿಯ ಮಾತನ್ನು ಬಿಡಿಸುವುದರಲ್ಲಿ ಪೇಟೆಯ ಮಕ್ಕಳು ಚುರುಕು. ಮರ ಗುರುತಿಸುವುದರಲ್ಲಿ ಊರ ಮಕ್ಕಳದೇ ಕೈ ಮೇಲು. ಒಬ್ಬರಿಲ್ಲದೆ ಇನ್ನೊಬ್ಬರ ಆಟ ಸಾಗದು. ಮೊದಲು ಬಂದವರಿಗೆ ಬಹುಮಾನ ಎಂದರೆ ಓಟದ ಪಂದ್ಯವಾಗುತ್ತದೆ. ಹಾಗಾಗಿ ಕೊನೆಯ ಮಗು ಬರುವವರೆಗೂ ಡಬ್ಬಿ ತೆರೆಯುವಂತಿಲ್ಲ. ಅದರಲ್ಲಿ ಮಿಠಾಯಿಯ ಜೊತೆಗೊಂದು ಭೂತಗನ್ನಡಿ ಇಟ್ಟರೆ ಹಿಂದಿರುಗುವ ದಾರಿ ಇನ್ನೂ ನಿಧಾನವಾಗುತ್ತದೆ, ಅದೇ ನಮಗೆ ಬೇಕಾದ್ದು.

ಎಚ್ಚರಿಕೆಯ ಮಾತನ್ನು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಮರದ ಪೊಟರೆ, ಕಲ್ಲಿನ ಸಂದು, ಹುತ್ತದ ಬಳಿ ಚೀಟಿ ಇಡಬೇಡಿ. ಕಣ್ಣೆತ್ತರದ ಕವಲೇ ಸಾಕು. ನೀರಿನ ಕಡೆಗೆ ಒಂದು ಸುಳಿವೂ ಬೇಡ. ನಮ್ಮಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆಯಾದರೆ ಹೊಳೆ ಏರುತ್ತದೆ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಡಿಸೆಂಬರ್‌ನಿಂದ ಮೇವರೆಗೆ ಈ ಆಟವನ್ನು ನಾವು ಆಡಿಸುವುದೇ ಇಲ್ಲ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಆಟ ಮುಗಿದ ಮೇಲೆ ಚೀಟಿ, ದಾರ, ಮಿಠಾಯಿ ಕಾಗದ ಎಲ್ಲವನ್ನೂ ಮಕ್ಕಳೇ ಆರಿಸಿ ತರಬೇಕು, ಎಣಿಕೆ ಸರಿಹೋದರೆ ಮಾತ್ರ ಮನೆ.

ನಿಮ್ಮೂರಿನಲ್ಲಿ ಹೊಳೆ ಇಲ್ಲದಿದ್ದರೆ ಕೆರೆ ಏರಿಯಾದರೂ ಇದ್ದೀತು. ಮಕ್ಕಳನ್ನು ಕರೆದೊಯ್ಯುವ ಮುನ್ನ ನೀವೇ ನಡೆದು, ಕಂಡದ್ದರಲ್ಲಿ ಐದು ಒಗಟು ಕಟ್ಟಿ ನೋಡಿ. ಐದು ಹುಟ್ಟದಿದ್ದರೆ ಆ ದಾರಿಯನ್ನು ನೀವಿನ್ನೂ ನೋಡಿಲ್ಲ ಎಂದೇ ಲೆಕ್ಕ; ಇನ್ನೊಮ್ಮೆ ನಡೆಯಿರಿ.